ಜೈಲಿಂದ ಬಂದ ತಮ್ಮನ ತೊಡೆ ಮೇಲಿನ ಕುರು: ಮನೆಯವರು ಏನು ಮಾಡಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮೂರು ಸಕಲೇಶಪುರದ ಹತ್ತಿರ. ನನ್ನ ತಮ್ಮ ಒಂದು ಜಗಳದ ಕೇಸಿನಲ್ಲಿ ಹೊರ ಜಿಲ್ಲೆಯ ಜೈಲಿನಲ್ಲಿ ನಾಲ್ಕು ತಿಂಗಳು ವಿಚಾರಣಾಧೀನ ಕೈದಿಯಾಗಿದ್ದ. ಹೋದ ತಿಂಗಳು ಜಾಮೀನು ಸಿಕ್ಕಿ ಮನೆಗೆ ಬಂದ. ಬರುವಾಗಲೇ ತೊಡೆ ಮೇಲೆ ದೊಡ್ಡ ಕುರು ಇತ್ತು. ಜೇಡ ಕಚ್ಚಿರಬೇಕು ಅಂದುಕೊಂಡಿದ್ದನಂತೆ. ಅವನ ಬ್ಯಾರಕ್ಕಿನಲ್ಲಿ ಇನ್ನೂ ನಾಲ್ಕೈದು ಜನಕ್ಕೆ ಹಾಗೇ ಆಗಿತ್ತಂತೆ. ಮೆಡಿಕಲ್ ಶಾಪಿನಿಂದ ಎರಡು ಸಲ ಮಾತ್ರೆ ತಂದು ಕೊಟ್ಟೆವು, ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೀವು ಟೆಸ್ಟ್ ಮಾಡಿ ‘ಎಂಆರ್‌ಎಸ್‌ಎ’ ಅಂದರು. ಈಗ ನನ್ನ ಆರು ವರ್ಷದ ಮಗನಿಗೂ ಕುಂಡೆ ಮೇಲೆ ಒಂದು ಕುರು ಎದ್ದಿದೆ. ಅಮ್ಮನಿಗೆ ಶುಗರ್ ಇದೆ. ನೆಂಟರು, ಅವನನ್ನ ತೋಟದ ಶೆಡ್ಡಿನಲ್ಲಿ ಇಡಿ ಅಂತಿದ್ದಾರೆ. ಇದು ಜೈಲು ಕಾಯಿಲೆಯಾ? ವಾಸಿ ಆಗುತ್ತಾ? ಒಳಗೆ ಉಳಿದವರ ಗತಿ ಏನು?

ಉತ್ತರ: ಮೊದಲು ಶೆಡ್ಡಿನ ಮಾತು ಮುಗಿಸೋಣ. ತಮ್ಮನನ್ನು ಎಲ್ಲಿಗೂ ಕಳಿಸಬೇಡಿ. ಮನೆಯಲ್ಲೇ ಇರಲಿ, ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡಲಿ. ಇದು ಕ್ಷಯದ ಹಾಗೆ ಕೆಮ್ಮಿನಲ್ಲಿ ಹರಡುವ ಕಾಯಿಲೆ ಅಲ್ಲ. ಒಂದೇ ಸಾಲಿನಲ್ಲಿ ಕೂತು ಉಂಡರೆ ಬರುವುದೂ ಇಲ್ಲ. ಚರ್ಮಕ್ಕೆ ಚರ್ಮ ತಾಗಿ ಬರುತ್ತದೆ. ಕೀವು ಮೆತ್ತಿದ ಬಟ್ಟೆ, ಒದ್ದೆ ಟವೆಲ್, ಬ್ಲೇಡು, ತೊಳೆಯದ ಕೈ, ಇವು ಅದರ ದಾರಿಗಳು. ಹಾಗಾಗಿ ನೀವು ಬೇರೆ ಇಡಬೇಕಾದ್ದು ಅವನ ಟವೆಲ್, ಸೋಪು, ಶೇವಿಂಗ್ ಸೆಟ್ಟು, ಹೊದಿಕೆ. ಅಷ್ಟು ಸಾಕು. ಶೆಡ್ಡಿಗೆ ಕಳಿಸಿದರೆ ಏನಾಗುತ್ತೆ ಯೋಚಿಸಿ. ಅಲ್ಲಿ ಬಿಸಿನೀರು ಇರಲ್ಲ, ಗಾಯಕ್ಕೆ ಬಟ್ಟೆ ಕಟ್ಟುವವರು ಇರಲ್ಲ. ಇನ್ನೊಂದು ಕುರು ಎದ್ದರೂ ಅವನು ಬಾಯಿ ಬಿಡಲ್ಲ. ಈ ಕಾಯಿಲೆ ಬೆಳೆಯುವುದೇ ಮುಚ್ಚಿಟ್ಟಾಗ.

ಇನ್ನು ಇದರ ಹೆಸರು. ಎಂಆರ್‌ಎಸ್‌ಎ ಅಂದರೆ, ಪೆನಿಸಿಲಿನ್ ಜಾತಿಯ ಮೆಥಿಸಿಲಿನ್ ಅನ್ನುವ ಔಷಧಿಗೆ ಬಗ್ಗದ ಸ್ಟಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಚಿಕ್ಕದಾಗಿ ಸ್ಟಾಫ್ ಅನ್ನುತ್ತೇವೆ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಅನ್ನುವ ಶಸ್ತ್ರವೈದ್ಯರು ಕುರುವಿನ ಕೀವನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದಾಗ, ದ್ರಾಕ್ಷಿ ಗೊಂಚಲಿನ ಹಾಗೆ ದುಂಡು ದುಂಡು ಕಾಳುಗಳು ಕಂಡವು. ಗ್ರೀಕ್ ಭಾಷೆಯ ದ್ರಾಕ್ಷಿ ಗೊಂಚಲಿನ ಮಾತನ್ನೇ ಹೆಸರಿಗೆ ಸೇರಿಸಿದರು. ಆರಿಯಸ್ ಅಂದರೆ ಚಿನ್ನದ ಬಣ್ಣದ್ದು. ಇದೇನೂ ಎಲ್ಲಿಂದಲೋ ಬಂದ ಪರದೇಶಿ ಹುಳ ಅಲ್ಲ. ಆರೋಗ್ಯವಾಗಿರುವ 100 ಜನರನ್ನು ನಿಲ್ಲಿಸಿ ಮೂಗಿನ ಒಳಭಾಗ ಪರೀಕ್ಷೆ ಮಾಡಿದರೆ ಸುಮಾರು 30 ಜನರಲ್ಲಿ ಸಾಮಾನ್ಯ ಸ್ಟಾಫ್ ಸಿಗುತ್ತೆ. ಸುಮ್ನೆ ಇರುತ್ತೆ, ತೊಂದರೆ ಕೊಡಲ್ಲ. ಚರ್ಮ ಎಲ್ಲಾದರೂ ತರಚಿದಾಗ, ಕೆರೆದು ಹುಣ್ಣು ಮಾಡಿಕೊಂಡಾಗ, ಬೆವರಿ ಉಜ್ಜಿದಾಗ ಒಳಗೆ ಇಳಿದು ಕುರು ಮಾಡುತ್ತೆ.

ತೊಂದರೆ ಇರುವುದು ಔಷಧಿಗೆ ಬಗ್ಗದ ತಳಿಯಲ್ಲಿ. ಇದನ್ನು ಗಾರೆ ಕೆಲಸದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತೆ. ಬ್ಯಾಕ್ಟೀರಿಯಾಗೆ ಸುತ್ತಲೂ ಒಂದು ಗೋಡೆ ಇರುತ್ತೆ. ಬೆಳೆಯುವಾಗ ಆ ಗೋಡೆಯನ್ನು ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್ ಜಾತಿಯ ಔಷಧಿಗಳು ಹೋಗಿ ಗೋಡೆ ಕಟ್ಟುವ ಮೇಸ್ತ್ರಿಯ ಕೈ ಹಿಡಿದುಕೊಳ್ಳುತ್ತವೆ. ಗೋಡೆ ನಿಲ್ಲಲ್ಲ, ಬ್ಯಾಕ್ಟೀರಿಯಾ ಒಡೆದು ಸಾಯುತ್ತೆ. ಎಂಆರ್‌ಎಸ್‌ಎ ಹತ್ತಿರ ಮೆಕ್-ಎ ಅನ್ನುವ ಒಂದು ಜೀನ್ ಇದೆ. ಅದು ಇನ್ನೊಬ್ಬ ಮೇಸ್ತ್ರಿಯನ್ನು ಕರೆತರುತ್ತೆ. ಈ ಹೊಸಬನ ಕೈ ಔಷಧಿಯ ಹಿಡಿತಕ್ಕೆ ಸಿಗಲ್ಲ. ಹಳಬ ಕೂತಿದ್ದರೂ ಇವನು ಗೋಡೆ ಕಟ್ಟುತ್ತಲೇ ಹೋಗುತ್ತಾನೆ. ಮೆಥಿಸಿಲಿನ್ ಬಂದದ್ದು 1959ರಲ್ಲಿ. ಅದಕ್ಕೆ ಬಗ್ಗದ ಸ್ಟಾಫ್ ಇಂಗ್ಲೆಂಡಿನಲ್ಲಿ ಸಿಕ್ಕಿದ್ದು 1961ರಲ್ಲಿ. ಎರಡೇ ವರ್ಷ ನೋಡಿ. ಇವತ್ತು ಮೆಥಿಸಿಲಿನ್ ಅನ್ನು ಯಾರೂ ಕೊಡಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ ಆ ಹೆಸರಿನ ಅರ್ಥ ದೊಡ್ಡದು. ಅಮಾಕ್ಸಿಸಿಲಿನ್, ಅದಕ್ಕೆ ಕ್ಲಾವುಲನೇಟ್ ಸೇರಿಸಿದ ಮಾತ್ರೆ, ಸೆಫಿಕ್ಸಿಮ್, ಸೆಫಲೆಕ್ಸಿನ್, ಇವ್ಯಾವುವೂ ಇದರ ಮೇಲೆ ನಡೆಯಲ್ಲ. ಮೆಡಿಕಲ್ ಶಾಪಿನಲ್ಲಿ ಕುರು ಅಂದ ತಕ್ಷಣ ಕೈಗೆ ಬರುವುದು ಹೆಚ್ಚಾಗಿ ಇವೇ. ನಿಮ್ಮ ಎರಡು ಸಲದ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಕಾರಣ ಬಹುಶಃ ಇಷ್ಟೇ.

ನಾನು ದಿನಾ ಕೆಲಸ ಮಾಡುವುದು ಲ್ಯಾಬಿನಲ್ಲಿ. ನಿಮ್ಮ ತಮ್ಮನ ಕೀವು ಅಲ್ಲಿ ಏನಾಗುತ್ತೆ ಅಂತ ಹೇಳುತ್ತೇನೆ, ರಿಪೋರ್ಟ್ ಓದುವಾಗ ನಿಮಗೇ ಉಪಯೋಗ ಆಗುತ್ತೆ. ಕೀವು ಅದ್ದಿದ ಹತ್ತಿಕಡ್ಡಿಯನ್ನು ರಕ್ತ ಬೆರೆಸಿದ ಅಗರ್ ಅನ್ನುವ ಜೆಲ್ಲಿಯ ತಟ್ಟೆಯ ಮೇಲೆ ಎಳೆದು, ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ರಾತ್ರಿ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಸಾಸಿವೆ ಕಾಳಿಗಿಂತ ತುಸು ದೊಡ್ಡ, ನುಣ್ಣಗೆ ಹೊಳೆಯುವ, ತೆಳು ಹಳದಿಯ ಚುಕ್ಕೆಗಳು ಸಾಲಾಗಿ ಎದ್ದಿರುತ್ತವೆ. ಆಮೇಲೆ ಆ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಗೆ ಹಸೆ ಬಳಿದ ಹಾಗೆ ಬಳಿದು, ಔಷಧಿ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಒಂದು ತಿಳಿ ವೃತ್ತ ಬೀಳುತ್ತೆ. ಸ್ಕೇಲ್ ಇಟ್ಟು ಅಳೆಯುತ್ತೇವೆ. ಮೆಥಿಸಿಲಿನ್ ಬದಲಿಗೆ ಇಡುವ ಸೆಫಾಕ್ಸಿಟಿನ್ ಬಿಲ್ಲೆಯ ವೃತ್ತ 22 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಸಾಮಾನ್ಯ ಸ್ಟಾಫ್. 21 ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ. ಒಂದು ಮಿಲಿಮೀಟರ್ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯನ ಔಷಧಿ ಪೂರ್ತಿ ಬದಲಾಗುತ್ತೆ. ಅದಕ್ಕೇ ನಾನು ಅನುಮಾನ ಬಂದ ತಟ್ಟೆಯನ್ನು ಎರಡನೇ ಸಲ ಅಳೆಯದೆ ರಿಪೋರ್ಟಿಗೆ ಸಹಿ ಹಾಕಲ್ಲ.

ಈಗ ಜೈಲಿನ ವಿಷಯ. ನೀವು ಕೇಳಿದ್ದೀರಿ, ಇದು ಜೈಲು ಕಾಯಿಲೆಯಾ ಅಂತ. ಅಲ್ಲ. ಆದರೆ ಜೈಲಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಗುತ್ತೆ.

ರಾತ್ರಿ ಬ್ಯಾರಕ್ಕಿನಲ್ಲಿ ಮಲಗುವುದನ್ನ ನಿಮ್ಮ ತಮ್ಮನ ಹತ್ತಿರ ಕೇಳಿ ನೋಡಿ. ಒಬ್ಬನ ಮೊಣಕೈ ಇನ್ನೊಬ್ಬನ ಬೆನ್ನಿಗೆ ತಾಗುವಷ್ಟು ಹತ್ತಿರ ಜಮಖಾನ ಹಾಸಿಕೊಂಡು ಮಲಗಬೇಕಾದ ಜೈಲುಗಳು ನಮ್ಮ ದೇಶದಲ್ಲಿ ತುಂಬ ಇವೆ. 2022ರ ಕೊನೆಯ ಸರ್ಕಾರಿ ಲೆಕ್ಕದಲ್ಲೇ, 100 ಜನಕ್ಕೆ ಅಂತ ಕಟ್ಟಿದ ಜಾಗದಲ್ಲಿ ಸರಾಸರಿ 131 ಜನ ಇದ್ದರು. ಇವರಲ್ಲಿ ಪ್ರತಿ ನಾಲ್ವರಲ್ಲಿ ಮೂವರು ನಿಮ್ಮ ತಮ್ಮನ ಹಾಗೆ ವಿಚಾರಣಾಧೀನರು, ಇನ್ನೂ ಅಪರಾಧ ಸಾಬೀತಾಗದವರು. ಬಿಸಿಲಿಗೆ ಬೆವರು, ಮೈ ಕೆರೆತ, ಕಜ್ಜಿ. ಒಂದು ಸೋಪನ್ನು ಮೂವರು ಹಂಚಿಕೊಳ್ಳುವುದು. ಒಂದು ಬ್ಲೇಡಿನಲ್ಲಿ ಇಬ್ಬರು ಗಡ್ಡ ಹೆರೆದುಕೊಳ್ಳುವುದು. ಒಗೆದ ಟವೆಲ್ ಒಣಗುವ ಮೊದಲೇ ಯಾರೋ ಒರೆಸಿಕೊಂಡಿರುವುದು. ಸ್ಟಾಫ್ ಬಟ್ಟೆ ಮೇಲೆ, ಒಣಗಿದ ನೆಲದ ಮೇಲೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಜೀವ ಹಿಡಿದಿರುತ್ತೆ. ಇಷ್ಟರ ಮೇಲೆ ಜನ ಒಂದೇ ಕಡೆ ನಿಲ್ಲುವುದೂ ಇಲ್ಲ. ಕೋರ್ಟಿಗೆ ಹೋಗುತ್ತಾರೆ, ವಾಪಸ್ ಬರುತ್ತಾರೆ, ಜಾಮೀನು ಸಿಕ್ಕಿ ಊರಿಗೆ ಹೋಗುತ್ತಾರೆ, ಹೊಸಬರು ಬರುತ್ತಾರೆ. ಗೋಡೆ ಎಷ್ಟು ಎತ್ತರ ಇದ್ದರೇನು, ಚರ್ಮದ ಮೇಲೆ ಕೂತು ಹೋಗುವ ಬ್ಯಾಕ್ಟೀರಿಯಾಗೆ ಗೇಟು ತೆರೆದೇ ಇರುತ್ತೆ.

ಅಮೆರಿಕದಲ್ಲಿ ಇದನ್ನು ಚೆನ್ನಾಗಿ ದಾಖಲೆ ಮಾಡಿಟ್ಟಿದ್ದಾರೆ. ಲಾಸ್ ಏಂಜಲೀಸ್ ಕೌಂಟಿಯ ಜೈಲಿನಲ್ಲಿ 2002ರ ಒಂದೇ ವರ್ಷ 928 ಕೈದಿಗಳಿಗೆ ಎಂಆರ್‌ಎಸ್‌ಎ ಗಾಯ ಅಂತ ಪತ್ತೆಯಾಯಿತು. ಅಲ್ಲೂ ಮೊದಲು ಬಂದ ದೂರು ಏನು ಗೊತ್ತಾ? ಜೇಡ ಕಚ್ಚಿದೆ ಅಂತ. ನಿಮ್ಮ ಪತ್ರದಲ್ಲಿ ಆ ಸಾಲು ಓದಿದಾಗ ನನಗೆ ಇದೇ ನೆನಪಾಯಿತು. ಈ ಕುರು ಶುರುವಾಗುವ ರೀತಿಯೇ ಹಾಗಿದೆ. ಮೊದಲು ಸೊಳ್ಳೆ ಕಚ್ಚಿದ ಹಾಗೆ ಒಂದು ಕೆಂಪು ಗುಳ್ಳೆ. ಮರುದಿನ ಗಟ್ಟಿಯಾಗಿ, ಮುಟ್ಟಿದರೆ ಉರಿ. ಮೂರನೇ ದಿನಕ್ಕೆ ನಡುವೆ ಕಪ್ಪು ಅಥವಾ ಬಿಳಿ ಬಾಯಿ, ಸುತ್ತ ಬಿಸಿ ಬಾವು. ಯಾರಿಗಾದರೂ ಹುಳ ಕಚ್ಚಿದೆ ಅಂತಲೇ ಅನಿಸುತ್ತೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಉಂಬಳದ ಮೇಲೆ ತಪ್ಪು ಹಾಕುತ್ತೇವೆ, ಅಲ್ಲಿ ಜೇಡದ ಮೇಲೆ ಹಾಕಿದರು. ಆದರೆ ಒಂದೇ ಕೋಣೆಯಲ್ಲಿ ನಾಲ್ಕೈದು ಜನಕ್ಕೆ ಒಂದೇ ಥರದ ಕುರು ಎದ್ದರೆ ಹುಳವನ್ನು ಹುಡುಕುವುದು ಬಿಟ್ಟು ಕೀವು ಪರೀಕ್ಷೆಗೆ ಕಳಿಸಬೇಕು. ಇದನ್ನು ಜೈಲು ಡಾಕ್ಟರೂ ತಿಳಿದಿರಬೇಕು, ಹಾಸ್ಟೆಲ್ ವಾರ್ಡನ್ನೂ ತಿಳಿದಿರಬೇಕು, ಕಾಫಿ ತೋಟದ ಲೈನ್ ಮನೆಗಳನ್ನು ನೋಡಿಕೊಳ್ಳುವ ರೈಟರೂ ತಿಳಿದಿರಬೇಕು.

ಅಲ್ಲಿನ ಬೇರೆ ಜೈಲುಗಳಲ್ಲಿ ತನಿಖೆ ಮಾಡಿದವರಿಗೆ ಕಂಡದ್ದು ಇನ್ನೂ ಮನಸ್ಸಿಗೆ ನೋವಾಗುವಂಥದ್ದು. ಕೈದಿಗಳು ತಮ್ಮ ಕುರುವನ್ನು ತಾವೇ ಉಗುರಿನಿಂದ, ಚಿಮುಟದಿಂದ ಒಡೆದುಕೊಳ್ಳುತ್ತಿದ್ದರು. ಪಕ್ಕದವನದನ್ನೂ ಒಡೆದುಕೊಡುತ್ತಿದ್ದರು. ಕೆಲವು ಕಡೆ ಜೈಲಿನ ಡಾಕ್ಟರನ್ನು ಕಾಣಲು ಕೈದಿಯೇ ದುಡ್ಡು ಕಟ್ಟಬೇಕಿತ್ತು. ದುಡ್ಡಿಲ್ಲದವನು ಏನು ಮಾಡುತ್ತಾನೆ? ಕುರುವನ್ನು ಪ್ಯಾಂಟಿನ ಒಳಗೆ ಮುಚ್ಚಿಕೊಂಡು ಕೂರುತ್ತಾನೆ. ಆ ಕೀವು ಪ್ಯಾಂಟಿನಿಂದ ಹಾಸಿಗೆಗೆ, ಹಾಸಿಗೆಯಿಂದ ಪಕ್ಕದವನಿಗೆ. ಮನುಷ್ಯನಿಗೆ ಸೋಪು, ಬಟ್ಟೆ, ಡಾಕ್ಟರು ಸಿಗದೆ ಇದ್ದದ್ದೇ ಅಲ್ಲಿ ಬ್ಯಾಕ್ಟೀರಿಯಾ ಹಬ್ಬುವ ಹಾದಿ ಆಯಿತು. ಕೈದಿಗಳು ಕೊಳಕರು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮಲ್ಲಿ ಯಾರನ್ನೇ ಆ ಜಾಗದಲ್ಲಿ ಮಲಗಿಸಿದರೂ ಇದೇ ಆಗುತ್ತಿತ್ತು.

ಇನ್ನೊಂದು ಮಾತು. ಶಿಕಾಗೋ ಊರಿನ ದೊಡ್ಡ ಜೈಲಿಗೆ ಹೊಸದಾಗಿ ಬರುವವರನ್ನು ಬಾಗಿಲಲ್ಲೇ ಪರೀಕ್ಷೆ ಮಾಡಿದಾಗ, ಎಷ್ಟೋ ಜನ ಒಳಗೆ ಕಾಲಿಡುವ ಮೊದಲೇ ಇದನ್ನು ಹೊತ್ತು ತಂದಿದ್ದು ಗೊತ್ತಾಯಿತು. ಅಂದರೆ ಜೈಲಿಂದ ಊರಿಗೆ ಹೋಗುವ ಹಾಗೆಯೇ ಊರಿಂದ ಜೈಲಿಗೂ ಹೋಗುತ್ತೆ. ನಮ್ಮ ದೇಶದಲ್ಲಿ 2008 ಮತ್ತು 2009ರಲ್ಲಿ ಹಲವು ದೊಡ್ಡ ಆಸ್ಪತ್ರೆಗಳು ಸೇರಿ ಲೆಕ್ಕ ಹಾಕಿದಾಗ, ಸಿಕ್ಕ ಸ್ಟಾಫ್ ಮಾದರಿಗಳಲ್ಲಿ 100ಕ್ಕೆ 40ರಷ್ಟು ಎಂಆರ್‌ಎಸ್‌ಎ ಆಗಿದ್ದವು. 2004ರಲ್ಲಿ ಭಾರತ, ಬಾಂಗ್ಲಾದೇಶದ ರೋಗಿಗಳಲ್ಲಿ ಮೊದಲು ಸಿಕ್ಕ ಒಂದು ತಳಿಗೆ ಬಂಗಾಳ ಕೊಲ್ಲಿಯ ಹೆಸರನ್ನೇ ಇಟ್ಟಿದ್ದಾರೆ. ಅದು ಆಸ್ಪತ್ರೆ ಬಾಗಿಲನ್ನೂ ನೋಡದ ಜನರಲ್ಲಿ ಕುರು ಎಬ್ಬಿಸುತ್ತೆ. ಹಾಗಾಗಿ ನಿಮ್ಮ ತಮ್ಮನಿಗೆ ಜೈಲಲ್ಲೇ ಅಂಟಿರಬಹುದು, ಅದೇ ಹೆಚ್ಚು ಸಂಭವ. ಆದರೆ ನೆಂಟರು ಬೆರಳು ತೋರಿಸುವಷ್ಟು ಖಚಿತ ಅದಲ್ಲ.

ಚಿಕಿತ್ಸೆಗೆ ಬರೋಣ. ವಾಸಿ ಆಗುತ್ತಾ ಅಂದಿರಿ. ಖಂಡಿತ ಆಗುತ್ತೆ. ಕುರುವಿಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಕೀವನ್ನು ಹೊರಗೆ ತೆಗೆಯುವುದು. ಕೀವಿನ ಚೀಲದೊಳಗೆ ರಕ್ತದ ಓಡಾಟ ಇರಲ್ಲ, ಎಷ್ಟೇ ಒಳ್ಳೆ ಮಾತ್ರೆ ನುಂಗಿದರೂ ಅಲ್ಲಿಗೆ ಸರಿಯಾಗಿ ತಲುಪಲ್ಲ. ಡಾಕ್ಟರು ಆ ಜಾಗ ಮರಗಟ್ಟಿಸಿ, ಸಣ್ಣದಾಗಿ ಕುಯ್ದು, ಒಳಗಿನ ಗೂಡುಗಳನ್ನೆಲ್ಲ ಬಿಡಿಸಿ ತೊಳೆಯುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಬಾವಿನ ಬಿಗಿ ಇಳಿದ ತಕ್ಷಣ ರೋಗಿ ಮುಖ ಸಡಿಲ ಆಗುವುದನ್ನ ನೋಡಬೇಕು, ಎಷ್ಟೋ ದಿನಕ್ಕೆ ಅವತ್ತು ರಾತ್ರಿ ನಿದ್ದೆ ಮಾಡುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಹಿಸುಕಿದರೆ ಕೀವು ಹೊರಗೆ ಬರುವಷ್ಟೇ ಒಳಕ್ಕೂ ನುಗ್ಗುತ್ತೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯ ಶಾಖ ಕೊಡಬಹುದು, ಆಮೇಲೆ ಆ ಬಟ್ಟೆಯನ್ನ ಕುದಿಸಬೇಕು. ಅಮ್ಮ ಅರಿಶಿನ ಸುಣ್ಣ ಹಚ್ಚೋಣ ಅಂದರೆ, ಇನ್ನೂ ಒಡೆಯದ ಸಣ್ಣ ಗುಳ್ಳೆಗೂ ಬೇಡ ಅನ್ನಿ. ಸುಣ್ಣ ಚರ್ಮ ಸುಡುತ್ತೆ, ಸುಟ್ಟ ಚರ್ಮ ಬ್ಯಾಕ್ಟೀರಿಯಾಗೆ ಇನ್ನೊಂದು ಬಾಗಿಲು.

ಕುಯ್ದ ಮೇಲೆ ಕೆಲವರಿಗೆ ಮಾತ್ರೆಯೂ ಬೇಕು. ಕುರು ದೊಡ್ಡದಿದ್ದರೆ, ಒಂದಕ್ಕಿಂತ ಜಾಸ್ತಿ ಇದ್ದರೆ, ಜ್ವರ ಇದ್ದರೆ, ಶುಗರ್ ಇದ್ದರೆ ಕೊಡುತ್ತಾರೆ. ಎಂಆರ್‌ಎಸ್‌ಎ ಮೇಲೆ ಕೆಲಸ ಮಾಡುವ ಹಳೆಯ, ಕಡಿಮೆ ಬೆಲೆಯ ಮಾತ್ರೆಗಳು ಇವೆ: ಕೋಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್. ಯಾವುದು ಅನ್ನುವುದನ್ನು ಕಲ್ಚರ್ ರಿಪೋರ್ಟ್, ಅಂದರೆ ನಾನು ಮೇಲೆ ಹೇಳಿದ ಕೀವು ಪರೀಕ್ಷೆಯ ರಿಪೋರ್ಟ್ ನೋಡಿ ನಿಮ್ಮ ಡಾಕ್ಟರೇ ಹೇಳಬೇಕು. ಕ್ಲಿಂಡಾಮೈಸಿನ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಸ್ಟಾಫ್ ತಟ್ಟೆಯ ಮೇಲೆ ಬಗ್ಗಿದ ಹಾಗೆ ಕಾಣುತ್ತೆ, ಮೈಯೊಳಗೆ ಹೋದ ಮೇಲೆ ತಿರುಗಿ ಬೀಳುತ್ತೆ. ಇದನ್ನು ಹಿಡಿಯಲು ಎರಿತ್ರೋಮೈಸಿನ್ ಬಿಲ್ಲೆಯನ್ನ ಅದರ ಪಕ್ಕದಲ್ಲೇ ಇಡುತ್ತೇವೆ. ಆಗ ದುಂಡಗಿರಬೇಕಾದ ವೃತ್ತ ಆ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ‘ಡಿ’ ಅಕ್ಷರದ ಹಾಗೆ ಕಂಡರೆ ಕ್ಲಿಂಡಾಮೈಸಿನ್ ಕೊಡಬಾರದು. ರಿಪೋರ್ಟಿನಲ್ಲಿ ‘ಡಿ ಟೆಸ್ಟ್’ ಅಂತ ಬರೆದಿರುವುದು ಇದೇ.

ಲಿನೆಜೋಲಿಡ್ ಅನ್ನುವ ಮಾತ್ರೆಯ ಹೆಸರನ್ನೂ ಯಾರಾದರೂ ಹೇಳಬಹುದು. ಒಳ್ಳೆಯ ಔಷಧಿಯೇ. ಆದರೆ ಔಷಧಿಗೆ ಬಗ್ಗದ ಕ್ಷಯಕ್ಕೆ ಇವತ್ತು ಇರುವ ಮುಖ್ಯ ಆಸರೆಗಳಲ್ಲಿ ಅದೂ ಒಂದು. ಎರಡು ವಾರ ದಾಟಿ ನುಂಗಿದರೆ ರಕ್ತದ ಕಣಗಳು ಕುಸಿಯಬಹುದು. ಕುಯ್ದರೆ ವಾಸಿಯಾಗುವ ಕುರುವಿಗೆ ಅದನ್ನು ಖರ್ಚು ಮಾಡುವುದು ನನಗೆ ಸರಿ ಕಾಣಲ್ಲ. ಮತ್ತೆ, ದಯವಿಟ್ಟು ಚೀಟಿ ಇಲ್ಲದೆ ಮಾತ್ರೆ ತರುವುದನ್ನ ಇಲ್ಲಿಗೇ ನಿಲ್ಲಿಸಿ. 2014ರ ಮಾರ್ಚ್‌ನಿಂದ ದೇಶದಲ್ಲಿ ಎಚ್-1 ಪಟ್ಟಿ ಅಂತ ಜಾರಿಯಲ್ಲಿದೆ. ಹಲವು ಆಂಟಿಬಯೋಟಿಕ್‌ಗಳನ್ನು ಡಾಕ್ಟರ ಚೀಟಿ ನೋಡಿ, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದುಕೊಂಡೇ ಮಾರಬೇಕು. ಅಂಗಡಿಯವರು ಕೇಳದಿದ್ದರೂ ನೀವು ಚೀಟಿ ಹಿಡಿದೇ ಹೋಗಿ.

ಮಗನನ್ನು ನಾಳೆಯೇ ತೋರಿಸಿ. ‘ಮನೆಯಲ್ಲಿ ಒಬ್ಬರಿಗೆ ಎಂಆರ್‌ಎಸ್‌ಎ ಇದೆ’ ಅಂತ ಮೊದಲ ಮಾತಿಗೇ ಹೇಳಿ, ತಮ್ಮನ ರಿಪೋರ್ಟ್ ಕೈಯಲ್ಲಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮತ್ತೆ ಅಮಾಕ್ಸಿಸಿಲಿನ್‌ನಿಂದಲೇ ಶುರುವಾಗುತ್ತೆ. ಸಣ್ಣ ಮಕ್ಕಳಿಗೆ ಔಷಧಿಯ ಆಯ್ಕೆಯೂ ಬೇರೆ, ಅಳತೆಯೂ ಬೇರೆ. ತಮ್ಮನ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಗಾಯ ಒಣಗುವ ತನಕ ಬಟ್ಟೆ ಕಟ್ಟಿ ಮುಚ್ಚಿದ್ದರೆ, ಕೀವು ಹೊರಗೆ ಸೋರದಿದ್ದರೆ ಶಾಲೆಗೆ ಹೋಗಲು ತೊಂದರೆ ಇಲ್ಲ. ಟೀಚರಿಗೆ ಒಂದು ಮಾತು ಹೇಳಿದರೆ ಸಾಕು. ತಮ್ಮ ಜೈಲಿಗೆ ಹೋಗಿದ್ದನ್ನೆಲ್ಲ ಅಲ್ಲಿ ಹೇಳಬೇಕಾಗಿಲ್ಲ.

ಮನೆಯೊಳಗಿನ ಕೆಲಸ ನಿಮ್ಮದು. ಇದೇ ನಿಜವಾದ ಔಷಧಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಸಕಲೇಶಪುರದ ಮಳೆ ನನಗೆ ಗೊತ್ತು. ಆಷಾಢದಲ್ಲಿ ತಂತಿ ಮೇಲೆ ಹಾಕಿದ ಟವೆಲ್ ಮೂರು ದಿನ ಆದರೂ ತಣ್ಣಗೇ ಇರುತ್ತೆ, ಮುಗ್ಗಲು ವಾಸನೆ ಬರುತ್ತೆ. ಅದನ್ನೇ ಇಡೀ ಮನೆ ಒರೆಸಿಕೊಳ್ಳುತ್ತೆ. ಇದು ಮೊದಲು ನಿಲ್ಲಬೇಕು. ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಟವೆಲ್ ಕೊಡಿ, ಆರು ವರ್ಷದವನಿಗೂ ಗುರುತು ಸಿಗಬೇಕು. ದಪ್ಪ ಟರ್ಕಿ ಟವೆಲ್ ಬೇಡ, ತೆಳು ಹತ್ತಿಯ ಪಂಚೆ ತುಂಡು ಬೇಗ ಒಣಗುತ್ತೆ. ತಮ್ಮನ ಬಟ್ಟೆ, ಹಾಸಿಗೆ ಹೊದಿಕೆ, ದಿಂಬಿನ ಚೀಲ ಇವನ್ನು ಬೇರೆ ಬಕೆಟ್ಟಿನಲ್ಲಿ ಬಿಸಿನೀರು, ಸೋಪುಪುಡಿ ಹಾಕಿ ನೆನೆಸಿ ಒಗೆಯಿರಿ. ಒಗೆದವರು ಕೈ ತೊಳೆಯಬೇಕು. ಬಿಸಿಲು ಇಲ್ಲದಿದ್ದರೆ ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿ ಪೂರ್ತಿ ಒಣಗಿಸಿ, ಇಸ್ತ್ರಿ ಪೆಟ್ಟಿಗೆ ಇದ್ದರೆ ಒಂದು ಸಲ ಎಳೆಯಿರಿ. ಒದ್ದೆ ಬಟ್ಟೆಯನ್ನು ಮಡಚಿ ಇಡಬೇಡಿ. ಬಿಸಿಲು ಬಂದ ದಿನ ಹಾಸಿಗೆ, ಕಂಬಳಿ ಎಲ್ಲ ಅಂಗಳಕ್ಕೆ.

ಗಾಯದ ಬಟ್ಟೆ ಬದಲಾಯಿಸುವಾಗ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ, ಕೈಗವಸು ಸಿಕ್ಕರೆ ಹಾಕಿಕೊಳ್ಳಿ, ಆಮೇಲೆ ಮತ್ತೆ ತೊಳೆಯಿರಿ. ತೆಗೆದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಬಿಸಾಡಿ. ಅಂಗಳದಲ್ಲಿ ಸುಮ್ನೆ ಎಸೆದರೆ ನಾಯಿ ಎಳೆದು ಹಾಕುತ್ತೆ. ಕೀವು ಒಸರುವಷ್ಟು ದಿನ ಅವನು ಗಾಯ ಮುಚ್ಚಿಕೊಂಡೇ ಇರಬೇಕು. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದು, ಒಂದೇ ಹೊದಿಕೆಯಲ್ಲಿ ಮಲಗುವುದು ಸ್ವಲ್ಪ ದಿನ ಬೇಡ. ನಿಮ್ಮ ಮಗನಿಗೆ ಹತ್ತಿದ್ದು ಹೀಗೇ ಇರಬೇಕು. ನಾಲ್ಕು ತಿಂಗಳ ಮೇಲೆ ಮನೆಗೆ ಬಂದವನು ಮಗುವನ್ನ ಎತ್ತಿಕೊಳ್ಳದೆ ಇರುತ್ತಾನಾ? ಅದಕ್ಕಾಗಿ ಅವನನ್ನು ಬೈಯಬೇಡಿ.

ಮನೆಯಲ್ಲಿ ಹಸು ಇದ್ದರೆ ಇನ್ನೊಂದು ಎಚ್ಚರ. ಹಸುವಿನ ಕೆಚ್ಚಲು ಬಾವಿಗೂ ಇದೇ ಸ್ಟಾಫ್ ಜಾತಿ ಕಾರಣ ಆಗುತ್ತೆ. ಕೈಯಲ್ಲಿ ಗಾಯ ಇದ್ದವರು ಹಾಲು ಕರೆಯಬಾರದು, ಅಡುಗೆಯನ್ನೂ ಮಾಡಬಾರದು. ಸ್ಟಾಫ್ ಬಿದ್ದ ಅನ್ನ, ಹಾಲಿನ ತಿಂಡಿ ಹೊರಗೆ ಇಟ್ಟರೆ ಅದರಲ್ಲಿ ವಿಷ ಉಂಟಾಗುತ್ತೆ, ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಶುರು.

ಅಮ್ಮನ ಬಗ್ಗೆ ನನಗೆ ಜಾಸ್ತಿ ಕಾಳಜಿ. ಶುಗರ್ ಇದ್ದವರಿಗೆ ಇದು ಬೇಗ ಹರಡುತ್ತೆ, ಆಳಕ್ಕೆ ಇಳಿಯುತ್ತೆ. ದಿನಾ ರಾತ್ರಿ ಅವರ ಪಾದ, ಬೆರಳ ಸಂದಿ ನೋಡಿ. ತರಚು ಗಾಯವನ್ನೂ ತೊಳೆದು ಮುಚ್ಚಿ. ಅವರ ಶುಗರ್ ಈಗಲೇ ಒಂದು ಸಲ ಚೆಕ್ ಮಾಡಿಸಿ, ಹತೋಟಿಯಲ್ಲಿ ಇಲ್ಲದಿದ್ದರೆ ಈ ತಿಂಗಳು ಅದೇ ಮೊದಲ ಕೆಲಸ. ತಮ್ಮನ ಗಾಯಕ್ಕೆ ಅವರು ಬಟ್ಟೆ ಕಟ್ಟುವುದು ಬೇಡ.

ಚಳಿ ನಡುಗಿಸುವ ಜ್ವರ ಬಂದರೆ, ಕೆಂಪು ಗಂಟೆಗಂಟೆಗೂ ಅಗಲ ಆಗುತ್ತಿದ್ದರೆ, ಮೂಗು ತುಟಿಯ ಸುತ್ತ ಕುರು ಎದ್ದರೆ, ಉಸಿರಾಡಲು ಕಷ್ಟ ಆದರೆ, ಕೀಲು ಅಥವಾ ಮೂಳೆ ಒಳಗೇ ನೋಯತೊಡಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ತಾಲ್ಲೂಕು ಆಸ್ಪತ್ರೆಗೆ ಅಥವಾ ನೇರ ಹಾಸನಕ್ಕೆ ಕರೆದುಕೊಂಡು ಹೋಗಿ. ಸ್ಟಾಫ್ ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದು ಅಪರೂಪ, ಆದರೆ ಆಗದ ಮಾತಲ್ಲ.

ಒಂದು ಸಲ ವಾಸಿಯಾದ ಮೇಲೆ ಮತ್ತೆ ಬರಬಹುದು. ಹೆದರಬೇಡಿ, ಆದರೆ ತಯಾರಾಗಿರಿ. ಬ್ಯಾಕ್ಟೀರಿಯಾ ಮೂಗಿನಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಉಳಿದುಕೊಂಡಿರುತ್ತೆ. ಮತ್ತೆ ಮತ್ತೆ ಕುರು ಬಂದರೆ ಡಾಕ್ಟರು ಮೂಗಿನ ಒಳಗೆ ಮುಪಿರೋಸಿನ್ ಮುಲಾಮನ್ನು ದಿನಕ್ಕೆ ಎರಡು ಸಲ ಐದು ದಿನ, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಸ್ನಾನ ಹೇಳಬಹುದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕುರು ಬಂದವರಿಗೆ ಮಾತ್ರ ಮಾಡಿದಾಗ ವರ್ಷದೊಳಗೆ 100ಕ್ಕೆ 72 ಜನಕ್ಕೆ ಮತ್ತೆ ಬಂತು. ಮನೆಮಂದಿಗೆಲ್ಲ ಒಟ್ಟಿಗೆ ಮಾಡಿದಾಗ 52ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಕಡಿಮೆ ಆಯಿತು. ಇದರಿಂದ ನನಗೆ ತಿಳಿದದ್ದು ಏನೆಂದರೆ ಇದು ತಮ್ಮನೊಬ್ಬನ ಕಾಯಿಲೆ ಅಂತ ನೋಡಿದರೆ ಸೋಲುತ್ತೇವೆ, ಮನೆಯದು ಅಂತ ನೋಡಬೇಕು. ಡಾಕ್ಟರು ಹೇಳಿದರೆ ಆ ಐದು ದಿನ ಎಲ್ಲರೂ ಒಟ್ಟಿಗೆ ಮಾಡಿ. ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಬೇಡಿ, ಅದಕ್ಕೂ ಬ್ಯಾಕ್ಟೀರಿಯಾ ಬಗ್ಗದೆ ಹೋಗುತ್ತೆ.

ಕೊನೆಯದಾಗಿ ಒಳಗೆ ಉಳಿದವರ ವಿಷಯ. ನಿಮ್ಮ ಮನೆಯ ಕಷ್ಟದ ನಡುವೆಯೂ ಅದನ್ನು ಕೇಳಿದಿರಿ, ನನಗೆ ಮನಸ್ಸು ತುಂಬಿ ಬಂತು. ಜೈಲಿನಲ್ಲಿರುವವರಿಗೆ ಹೊರಗಿನವರಿಗೆ ಸಿಗುವಂಥದ್ದೇ ಚಿಕಿತ್ಸೆ ಸಿಗಬೇಕು, ಅದು ಸರ್ಕಾರದ ಹೊಣೆ ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲೇ ಇದೆ. ನಿಮ್ಮ ಕೈಯಲ್ಲಿ ಆಗುವ ಕೆಲಸ ಒಂದಿದೆ. ತಮ್ಮನ ಕಲ್ಚರ್ ರಿಪೋರ್ಟಿನ ಜೆರಾಕ್ಸ್ ಮಾಡಿಸಿ, ಆ ಜೈಲಿನ ಅಧೀಕ್ಷಕರಿಗೂ ಅಲ್ಲಿನ ವೈದ್ಯಾಧಿಕಾರಿಗೂ ಒಂದು ಪತ್ರ ಬರೆಯಿರಿ. ಯಾವ ಬ್ಯಾರಕ್ಕು, ಎಷ್ಟು ಜನಕ್ಕೆ ಹೀಗಾಗಿತ್ತು, ಯಾವಾಗ, ಇಷ್ಟು ಸಾಕು. ದೂರಿನ ದನಿ ಬೇಡ, ಇವರಿಗೂ ಕೀವು ಪರೀಕ್ಷೆ ಮಾಡಿಸಿ ಅಂತ ಕೇಳಿ. ಆ ಕಾಗದ ಅಲ್ಲಿನ ಡಾಕ್ಟರಿಗೆ ನಿಜಕ್ಕೂ ಉಪಕಾರ. ಜೇಡ ಹುಡುಕುವುದು ಬಿಟ್ಟು ಸೋಪು, ಬೇರೆ ಬೇರೆ ಟವೆಲ್, ಬೇರೆ ಬ್ಲೇಡು, ಗಾಯಕ್ಕೆ ಅದೇ ದಿನ ಬಟ್ಟೆ ಕಟ್ಟುವ ವ್ಯವಸ್ಥೆ ಕೇಳಲು ಅವರಿಗೆ ಒಂದು ಆಧಾರ ಸಿಗುತ್ತೆ. ಉತ್ತರ ಬರದಿದ್ದರೆ ಆ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅದೇ ಪತ್ರ ಕಳಿಸಿ, ಅಥವಾ ಅವರ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. 1987ರ ಕಾನೂನಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಅವರಿಂದ ಉಚಿತ ವಕೀಲರ ನೆರವು ಸಿಗಬೇಕು.

ತಮ್ಮನಿಗೆ ಮುಂದಿನ ಕೋರ್ಟ್ ತಾರೀಖು ಇದ್ದೇ ಇರುತ್ತೆ. ಗಾಯ ಮುಚ್ಚಿಕೊಂಡು ಹೋಗಲಿ, ಬಸ್ಸಿನಲ್ಲಿ ಕೂತರೆ ಯಾರಿಗೂ ಏನೂ ಆಗಲ್ಲ. ಇವತ್ತು ಸಂಜೆ ಆ ರಿಪೋರ್ಟ್ ತೆಗೆದು ಮೂರು ಸಾಲು ನೋಡಿ: ಕೋಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್. ಪ್ರತಿಯೊಂದರ ಎದುರಿಗೆ ‘ಎಸ್’ ಇದೆಯೋ ‘ಆರ್’ ಇದೆಯೋ, ಡಿ ಟೆಸ್ಟ್ ಏನು ಬಂದಿದೆ. ಎಸ್ ಇದ್ದರೆ ಔಷಧಿ ಕೆಲಸ ಮಾಡುತ್ತೆ, ಆರ್ ಇದ್ದರೆ ಮಾಡಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು ಮಗನ ಆಸ್ಪತ್ರೆ ಪುಸ್ತಕದ ಒಳಗೆ ಇಡಿ.